ಮಗಳ ಮನೆಯ ನೀರು

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುವವರ ಬಾಯಿಗೆ ಮಣ್ಣು ಬೀಳಲಿ. ನಮ್ಮ ಹಂಸ್ಲಿಗೆ ಎಲ್ಲವೂ ಗೊತ್ತು. ಸೊಸೆ ಲಾಖು ಸಜ್ಜೆ ಹಿಟ್ಟು ಕದಡದೆ ಬರೀ ನೀರಿಟ್ಟರೆ ಬಕೆಟ್ಟನ್ನು ಒದ್ದು ಉರುಳಿಸುತ್ತಾಳೆ. ಮನೆಗೆ ಬಂದವರು ಕುರಿ ನೋಡಲು ಬಂದ ವ್ಯಾಪಾರಿಯೋ ನೆಂಟರೋ ಎಂದು ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಮನುಷ್ಯರಲ್ಲಿ ಎಷ್ಟು ಜನಕ್ಕೆ ಅಷ್ಟು ತಿಳುವಳಿಕೆ ಇದೆ ಹೇಳಿ.

ಈ ಕಡಲಂಚಿನ ನಮ್ಮ ಹಾಲಾರ್ ಸೀಮೆಯ ಕತ್ತೆ ಎಂದರೆ ಹಾಲಿನಷ್ಟು ಬಿಳುಪು, ಮೂತಿ ಮತ್ತು ಗೊರಸು ಮಾತ್ರ ಕಪ್ಪು. ಇಟ್ಟಿಗೆ ಗೂಡಿನ ಬೂದು ಕತ್ತೆಗಳ ಪಕ್ಕ ನಿಲ್ಲಿಸಿದರೆ ಕುದುರೆಯೇ ಅನ್ನಬೇಕು. ನನ್ನ ಮದುವೆಯಲ್ಲಿ ಆತಾ, ಅಂದರೆ ನಮ್ಮಪ್ಪ ಮೇಪಾ, ಧೋಳಿ ಎಂಬ ಹೆಣ್ಣುಗತ್ತೆಯ ಹಗ್ಗವನ್ನು ನನ್ನ ಕೈಗಿಟ್ಟು ಕಳಿಸಿದ್ದ. ಕುರಿ ಕಾಯುವ ನಮ್ಮ ಭರವಾಡರ ಮಗಳು ಕತ್ತೆಯಿಲ್ಲದೆ ಗಂಡನ ಮನೆ ಸೇರುವ ಮಾತೇ ಇರಲಿಲ್ಲ ಆಗ. ಕುರಿ ಹೊಡೆದುಕೊಂಡು ಊರು ಬಿಟ್ಟು ಹೊರಟರೆ ಮಂಚ, ಮಡಕೆ, ದಾರಿಯಲ್ಲಿ ಹುಟ್ಟಿದ ಕುರಿಮರಿ, ಅದರ ಮೇಲೆ ನಮ್ಮ ಕೂಸು, ಎಲ್ಲ ಹೊರುವವಳು ಅವಳೇ. ನನ್ನ ಮಗ ನಾಗ್ಜಿ ನನ್ನ ಹಾಲು ಸಾಲದೆ ಸೊರಗಿದಾಗ ಧೋಳಿಯ ಹಾಲು ಕುಡಿದು ಬದುಕಿದ.

ಈಗ ಅದೇ ನಾಗ್ಜಿ ಮೂರು ಚಕ್ರದ ಛಕಡಾ ಗಾಡಿ ಕೊಂಡು ಕುರಿಗಳ ಹಿಂದೆ ಡಬಡಬ ಅನ್ನಿಸಿಕೊಂಡು ಹೋಗುತ್ತಾನೆ. ಎಲ್ಲರ ಮನೆಯಲ್ಲೂ ಅದೇ ಕತೆ. ಗಾಡಿ ಬಂತು, ಕತ್ತೆ ಹೋಯಿತು. ಗಂಡುಗತ್ತೆಗಳನ್ನು ಕೇಳಿದವರಿಗೆ ಕೊಟ್ಟರು, ಉಳಿದವಕ್ಕೆ ಬೀಜ ಒಡೆಸಿ ಹೊರೆಗೆ ಹಾಕಿದರು. ಧೋಳಿ ಸತ್ತಳು, ಅವಳ ಮಗಳೂ ಸತ್ತಳು. ಮಗಳ ಮಗಳು ಹಂಸ್ಲಿ ಒಬ್ಬಳೇ ನನ್ನ ಅಂಗಳದಲ್ಲಿ ಉಳಿದಳು. ತವರಿನಿಂದ ತಂದದ್ದರಲ್ಲಿ ಬೆಳ್ಳಿ ಕರಗಿತು, ಹಿತ್ತಾಳೆ ಸವೆಯಿತು, ಜೀವಂತ ಉಳಿದದ್ದು ಇದೊಂದೇ. ಅವಳ ಹೊಟ್ಟೆಯಲ್ಲಿ ಒಂದು ಹೆಣ್ಣುಮರಿ ಹುಟ್ಟಿದ್ದು ನೋಡಿಯೇ ಕಣ್ಣು ಮುಚ್ಚುತ್ತೇನೆ ಎಂದು ಮಾತಾಜಿಗೆ ಹರಕೆ ಹೊತ್ತಿದ್ದೆ.

ಹುಟ್ಟಬೇಕಲ್ಲ! ಮೊದಲ ಸಲ ಕಂದು ಹಾಕಿದಳು. ಎರಡನೆಯ ಸಲ ಈದಳು, ಮರಿ ಕಾಲೂರಲೇ ಇಲ್ಲ. ಆ ಹೊತ್ತಿಗೆ ಡಾಕ್ಟರ್ ನಿರಾಲಿಬೆನ್ ನಮ್ಮ ಕಡೆ ಬಂದದ್ದು. ದನದ ಡಾಕ್ಟರು. ಎಲ್ಲ ಬಿಟ್ಟು ಕತ್ತೆಯ ಹಿಂದೆ ಬಿದ್ದ ಹುಡುಗಿ ಎಂದು ಜನ ನಗುತ್ತಿದ್ದರು. ಅವಳು ಅವರ ಜೊತೆ ಸೇರಿ ತಾನೂ ನಕ್ಕು, ನಗುತ್ತಲೇ ಊರೂರು ಸುತ್ತಿ ಕತ್ತೆಗಳ ರಕ್ತ ತೆಗೆದುಕೊಂಡು ಹೋಗಿದ್ದಳು. ಮರಳಿ ಬಂದಾಗ ನಗು ಇರಲಿಲ್ಲ.

"ಕಂಕುಬಾ, ವಶ್ರಾಮ್‌ಭಾಯ್ ಮನೇಲಿ ಭೂರಿಯೋ ಅಂತ ಗಂಡು ಇದೆಯಲ್ಲ, ಈ ದಂಡೆಯ ಮರಿಗಳಿಗೆಲ್ಲ ಅದೇ ಅಪ್ಪ. ಅದಲ್ಲದಿದ್ರೆ ಅದರ ಅಪ್ಪ. ನಿಮ್ಮ ಹಂಸ್ಲಿಗೂ ಅದೇ ಅಪ್ಪ, ಅವಳ ಸತ್ತ ಮರಿಗೂ ಅದೇ ಅಪ್ಪ."

"ಇರಲಿ ಬಿಡು. ಒಳ್ಳೇ ಜಾತಿ ಗಂಡು ಅದು."

"ನಿಮ್ಮಲ್ಲಿ ಒಂದೇ ಶಾಖೆ, ಒಂದೇ ಗೋತ್ರದೊಳಗೆ ಹೆಣ್ಣು ಕೊಟ್ಟು ತರ್ತೀರಾ?"

"ಥೂ, ಬಿಡ್ತು ಅನ್ನು! ಅದೆಲ್ಲಾದರೂ ಉಂಟಾ?"

"ಮತ್ತೆ ಕತ್ತೆಗೆ ಯಾಕೆ ಹಾಗೆ ಮಾಡಿಸಿದ್ರಿ?"

ನನ್ನ ಬಾಯಿ ಕಟ್ಟಿಸಿದವರು ಕಡಿಮೆ.

ಅವಳು ಬಿಡಿಸಿ ಹೇಳಿದಳು. ರಕ್ತ ಒಂದೇ ಆಗುತ್ತ ಹೋದರೆ ಮರಿ ಹುಟ್ಟುವುದು ಕಡಿಮೆಯಾಗುತ್ತದೆ, ಹುಟ್ಟಿದ್ದು ನಿಲ್ಲುವುದಿಲ್ಲ, ನಿಂತದ್ದಕ್ಕೆ ರೋಗ ಬಂದರೆ ಒಂದೇ ಏಟಿಗೆ ಎಲ್ಲ ಹೋಗುತ್ತವೆ. ಹೊರಗಿನ ಗಂಡು ಬೇಕು. ಬಿಳಿಯದೇ, ಹಾಲಾರಿನದೇ, ಆದರೆ ನಂಟಿಲ್ಲದ್ದು. ಅದನ್ನು ಎಲ್ಲಿಂದ ತರುವುದು?

"ನನ್ನ ತವರಲ್ಲಿದೆ" ಎಂದೆ.

ನನ್ನಣ್ಣ ಗೋಗನ್‌ನ ಹತ್ತಿರ ಮಾಣೆಕ್ ಎಂಬ ಗಂಡಿತ್ತು. ಬಹಳ ಹಿಂದೆ, ಮೂಗಿನ ರೋಗ ಬಂದು ಆತಾನ ಕತ್ತೆಗಳು ಒಂದೂ ಉಳಿಯದೆ ಹೋದ ವರ್ಷ, ಆತಾ ಕಛ್‌ಗೆ ಹೋಗಿ ಇದನ್ನು ಮರಿಯಾಗಿದ್ದಾಗ ತಂದಿದ್ದ. ಮುತ್ತಜ್ಜನ ಕಾಲದಲ್ಲೇ ಹಾಲಾರ್ ಬಿಟ್ಟು ಅಲ್ಲಿ ನೆಲೆಸಿದ ನಮ್ಮ ಜನರ ಹತ್ತಿರ ಕೊಂಡದ್ದು ಎಂದು ಹೇಳಿದ್ದ. ಆತಾ ಹೇಳಿದ ಮೇಲೆ ಮುಗಿಯಿತು. ಮೇಪಾ ಭರವಾಡ ಸುಳ್ಳಾಡಿದ ಎಂದರೆ ಸಮುದ್ರವೇ ನಕ್ಕೀತು ಎನ್ನುತ್ತಿದ್ದರು ನಮ್ಮ ಕಡೆ.

ಆತಾನ ಕಟ್ಟುನಿಟ್ಟು ಅಂಥದ್ದು. ಮಗಳ ಮನೆಯ ನೀರು ಮುಟ್ಟಬಾರದು ಎಂಬ ಪದ್ಧತಿ ಎಲ್ಲರಲ್ಲೂ ಇದೆ. ಹೆಣ್ಣು ಕೊಟ್ಟ ಮೇಲೆ ಆ ಮನೆಯಿಂದ ಒಂದು ಹುಲ್ಲುಕಡ್ಡಿ ತಂದರೂ ಮಗಳನ್ನು ಮಾರಿಕೊಂಡ ಹಾಗೆ. ಆದರೆ ಬೇರೆಯವರು ನೀರು ಬಿಟ್ಟು ಚಹಾ ಕುಡಿದು ಸರಿದೂಗಿಸಿಕೊಳ್ಳುತ್ತಿದ್ದರು. ಆತಾ ಹಾಗಲ್ಲ. ನಮ್ಮೂರಿಗೆ ಬಂದರೆ ತನ್ನ ನೀರು ತಾನೇ ಹೊತ್ತು ತರುತ್ತಿದ್ದ. ಊರ ಗಡಿಯ ಬೇವಿನ ಮರದಡಿ ಕೂತು ತನ್ನ ರೊಟ್ಟಿ ಬಿಚ್ಚಿ ತಿಂದು, ಕೈತೊಳೆದು, ಆಮೇಲೆ ಒಳಗೆ ಬರುತ್ತಿದ್ದ. ಒಮ್ಮೆ ಮಾತಾಡುತ್ತ ಬಿಕ್ಕಳಿಕೆ ಹತ್ತಿತು. ನನ್ನ ಗಂಡ ಸಗ್ರಾಮ್ ಗಾಬರಿಯಿಂದ ಚೊಂಬು ಹಿಡಿದು ಓಡಿದರೆ ಈ ಮುದುಕ ಬಿಕ್ಕುತ್ತಲೇ ಗಡಿಯವರೆಗೆ ನಡೆದು ಹೋಗಿ ತನ್ನ ನೀರು ಕುಡಿದು ಬಂದ. ಊರೆಲ್ಲ ನಕ್ಕಿತು. ನಕ್ಕವರೇ ಆಮೇಲೆ ಕೈಮುಗಿದರು. ಅವನು ಸತ್ತಾಗ ನನ್ನ ತವರೂರು ವಡಾಳದ ಬಾಗಿಲಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸಿದರು, ಮದುವೆಯಾದವರು ಮೊದಲು ಅದಕ್ಕೆ ಕುಂಕುಮ ಹಚ್ಚಿ ಮುಂದೆ ಹೋಗುತ್ತಾರೆ.

ನಾನೂ ಡಾಕ್ಟರೂ ವಡಾಳಕ್ಕೆ ಹೋದೆವು. ಅಣ್ಣ ಮಾಣೆಕ್‌ನ ಮೈ ಉಜ್ಜುತ್ತಿದ್ದ. ಎಂಥ ಪ್ರಾಣಿ ಅಂತೀರಿ! ಕಿವಿ ನಿಗುರಿಸಿ ನಿಂತರೆ ಕಣ್ಣು ತೆಗೆಯಲಾಗದು. ಗಂಡು ಬೇಕು, ಮೊದಲು ನಂಟು ನೋಡಲು ಅವನ ರಕ್ತ ಬೇಕು ಎಂದ ಕೂಡಲೇ ಅಣ್ಣನ ಕೈ ನಿಂತಿತು.

"ಗಂಡು ಬಿಡ್ತೀನಿ. ಸೂಜಿ ಚುಚ್ಚೋಕೆ ಬಿಡಲ್ಲ" ಎಂದ. "ಮಾಣೆಕ್ ಮಾತಾಜಿಗೆ ಬಿಟ್ಟ ಪ್ರಾಣಿ. ಅವನ ರಕ್ತ ನೆಲಕ್ಕೆ ಬೀಳಬಾರದು."

"ರಕ್ತ ಬೇಡ ಭಾಯ್, ಕುತ್ತಿಗೆಯ ನಾಲ್ಕು ಕೂದಲು ಕೊಡಿ ಸಾಕು" ಎಂದಳು ಡಾಕ್ಟರು.

"ಕೂದಲೂ ಇಲ್ಲ."

"ಯಾಕೋ, ಕೂದಲು ಕೊಟ್ಟರೆ ಈ ಹುಡುಗಿ ನಿನಗೆ ಮಾಟ ಮಾಡಿಸ್ತಾಳಾ?" ಎಂದು ನಾನು ರೇಗಿದೆ. "ಕತ್ತೆ ವಯಸ್ಸಾಯ್ತು, ಬುದ್ಧಿ ಮಾತ್ರ ಬರ್ಲಿಲ್ಲ ನಿನಗೆ."

ಅವನು ತಲೆ ಎತ್ತಲಿಲ್ಲ. ಅತ್ತಿಗೆ ಮಾತ್ರ ಬಾಗಿಲ ಮರೆಯಿಂದ ಅವನನ್ನೇ ನೋಡುತ್ತಿದ್ದಳು. ಮೂರ್ಖತನ ಎಂದುಕೊಂಡೆ ನಾನು. ವಾಪಸು ಬರುವಾಗ ಡಾಕ್ಟರು ಬಹಳ ಹೊತ್ತು ಯೋಚಿಸಿ, "ಮೇಪಾ ಆತಾ ಕಛ್‌ನದು ಅಂದಿದ್ದಾರೆ, ಅವರ ಮಾತನ್ನ ಎಲ್ಲರೂ ನಂಬ್ತಾರೆ. ನಾನೂ ನಂಬ್ತೀನಿ. ಇನ್ನು ಕಾಯೋಕೆ ಟೈಮಿಲ್ಲ ಕಂಕುಬಾ" ಎಂದಳು. ಪಾಪ, ಪರೀಕ್ಷೆ ಮಾಡದೆ ಯಾವ ಮಾತನ್ನೂ ಒಪ್ಪದ ಹುಡುಗಿ ನಮ್ಮಪ್ಪನ ಹೆಸರಿಗೆ ತಲೆಬಾಗಿದಳು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಹಂಸ್ಲಿ ಬೆದೆಗೆ ಬಂದಾಗ ಅವಳನ್ನು ವಡಾಳಕ್ಕೆ ನಡೆಸಿಕೊಂಡು ಹೋಗಿ ಬಿಟ್ಟು ಬಂದೆವು. ಗಬ್ಬ ಕಟ್ಟಿತು. ಸುದ್ದಿ ಹಬ್ಬಿತು. ಕತ್ತೆ ಮಾರಲು ಕೂತವರು ತಡೆದರು. ಸಮುದ್ರದ ದಂಡೆಯುದ್ದಕ್ಕೂ ಯಾರ್ಯಾರ ಹತ್ತಿರ ಬಿಳಿ ಹೆಣ್ಣು ಉಳಿದಿತ್ತೋ ಅವರನ್ನೆಲ್ಲ ಡಾಕ್ಟರು ಮಾಣೆಕ್‌ನ ಹತ್ತಿರ ಕಳಿಸಿದಳು. ಕತ್ತೆಯ ಹಗ್ಗ ಹಿಡಿದು ದಾರಿಯಲ್ಲಿ ನಡೆಯುವವರನ್ನು ನೋಡಿ ಎಷ್ಟು ವರ್ಷವಾಗಿತ್ತು. ಛಕಡಾದ ಹುಡುಗರು "ಏನ್ ಅಜ್ಜಾ, ಮದುವೆ ದಿಬ್ಬಣವಾ?" ಎಂದು ಕೂಗಿದರೆ ಮುದುಕರು "ಹೌದೋ ಮಗನೇ, ನಿನಗೂ ಒಂದು ಹೆಣ್ಣಿದೆ, ಬಾ" ಎನ್ನುತ್ತಿದ್ದರಂತೆ. ನಾನಂತೂ ಆ ವರ್ಷ ಪೂರ್ತಿ ಹುಚ್ಚಿಯ ಹಾಗೆ ಸಂತೋಷದಲ್ಲಿದ್ದೆ. ಮೊದಲ ಹಿಡಿ ಮೇವು ಹಂಸ್ಲಿಗೆ, ಆಮೇಲೆ ಉಳಿದವರಿಗೆ. ಲಾಖು ಗೊಣಗಿದಳು: "ನಾನು ಗಬ್ಬವಾಗಿದ್ದಾಗ ಇಷ್ಟು ನೋಡ್ಕೊಂಡಿದ್ರೆ ನನ್ನ ಹಲ್ಲು ಬೀಳ್ತಿರ್ಲಿಲ್ಲ."

ಕತ್ತೆ ಗಬ್ಬ ಹೊರುವುದು ವರ್ಷದ ಮೇಲೆ. ಹಂಸ್ಲಿ ಬೆಳಗಿನ ಬಿಸಿಲಲ್ಲಿ ಈದಳು. ಹೆಣ್ಣುಮರಿ. ಹೆಣ್ಣೆಂದು ಕಂಡ ಕೂಡಲೇ ನಾನು ಕೈಮುಗಿದುಬಿಟ್ಟೆ, ಮುಖ ನೋಡುವ ಮೊದಲೇ. ಆಮೇಲೆ ನೋಡಿದೆ. ಕೆಳದವಡೆ ಅರ್ಧಕ್ಕೇ ನಿಂತಿತ್ತು. ಮುಂಗಾಲು ಒಳಕ್ಕೆ ಮಡಚಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಬೆರಳಿಗೆ ಹಾಲು ಹಚ್ಚಿ ಬಾಯಿಗಿಟ್ಟರೆ ಚೀಪಲು ನೋಡುತ್ತದೆ, ದವಡೆಯಿಲ್ಲ, ಹಾಲು ಬದಿಯಿಂದ ಸೋರಿಹೋಗುತ್ತದೆ. ಹಂಸ್ಲಿ ಅದನ್ನು ಮೂತಿಯಿಂದ ತಳ್ಳಿ ತಳ್ಳಿ ಎಬ್ಬಿಸಲು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಮರಿ ಅಲುಗುವುದು ನಿಂತಿತು. ಅದರ ಮೇಲೆ ಗೋಣಿ ಹೊದೆಸಿ ನಾನು ಅಲ್ಲೇ ಕೂತೆ.

ಆಗಲೇ ಅಣ್ಣ ಬಂದದ್ದು. ಹಂಸ್ಲಿಯ ದಿನ ತುಂಬಿತೆಂದು ಅತ್ತಿಗೆ ತುಪ್ಪ ಬೆಲ್ಲ ಹಾಕಿದ ಸುಖಡಿ ಮಾಡಿ ಕಳಿಸಿದ್ದಳು. ಬಟ್ಟೆಯ ಗಂಟು ಕೈಯಲ್ಲೇ ಹಿಡಿದು ಬೇಲಿಯ ಬಳಿ ನಿಂತ. ಗೋಣಿ ನೋಡಿದ.

"ಬಂದೆಯಾ? ಬಾ, ನೋಡು" ಎಂದೆ. "ಕಛ್‌ನ ರಕ್ತವಂತೆ, ಹೊರಗಿನ ರಕ್ತವಂತೆ. ಆ ಡಾಕ್ಟರ್ ಹುಡುಗಿ ಬರಲಿ, ಅವಳ ಮುಖಕ್ಕೆ ಉಗಿಯದಿದ್ರೆ ನಾನು ಕಂಕು ಅಲ್ಲ. ಹುಡುಗಾಟ ಆಡ್ತಿದಾಳೆ ನಮ್ಮ ಹತ್ರ. ಪುಸ್ತಕ ಓದಿದೋಳ ಮಾತು ಕೇಳಿ..."

"ಡಾಕ್ಟರ್‌ಬೆನ್‌ನ ಬಯ್ಯಬೇಡ."

"ಯಾಕೆ ಬಯ್ಯಬಾರದು?"

ಅವನು ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಗೋಣಿ ಸರಿಸಿ ಮರಿಯ ಮುಖ ನೋಡಿ ಮತ್ತೆ ಮುಚ್ಚಿದ.

"ಮಾಣೆಕ್ ಕಛ್‌ನದಲ್ಲ, ಕಂಕು."

"ಮತ್ತೆ? ಆಕಾಶದಿಂದ ಬಿತ್ತಾ?"

"ನಿನ್ನ ಮನೇದು. ನಿನ್ನ ಧೋಳಿಯ ಮಗ."

ನನಗೆ ಅರ್ಥವಾಗಲಿಲ್ಲ. ಧೋಳಿಗೆ ಒಬ್ಬನೇ ಗಂಡುಮರಿ ಹುಟ್ಟಿದ್ದು. ಹಾಲು ಬಿಟ್ಟ ಹೊಸತರಲ್ಲಿ ತೋಳ ಎಳೆದುಕೊಂಡು ಹೋಯಿತೆಂದು ಸಗ್ರಾಮ್ ಬಂದು ಹೇಳಿದ್ದ. ನಾನು ಊಟ ಬಿಟ್ಟು ಅತ್ತಿದ್ದೆ.

"ತೋಳ ಅಲ್ಲ" ಎಂದ ಅಣ್ಣ. "ರೋಗ ಬಂದು ನಮ್ಮ ಕೊಟ್ಟಿಗೆ ಬರಿದಾಗಿತ್ತಲ್ಲ, ಆತಾ ಮಾತೇ ನಿಲ್ಲಿಸಿಬಿಟ್ಟಿದ್ದ. ಬೆಳಗಾದ್ರೆ ಖಾಲಿ ಗೂಟಗಳ ಮುಂದೆ ಹೋಗಿ ಕೂರೋನು. ಸಗ್ರಾಮ್ ನೋಡೋಕೆ ಬಂದಿದ್ದ. ನೋಡಿ, ಏನೂ ಅನ್ನದೆ ಹೋದ. ಆಮೇಲೆ ಹೇಳಿ ಕಳಿಸಿದ, ನಮ್ಮೂರ ಗಡಿಯಾಚೆ ಬೇವಿನ ಮರಕ್ಕೆ ಒಂದು ಮರಿ ಕಟ್ಟಿದೆ, ಯಾರದೂ ಅಲ್ಲ, ಬೇಕಾದವರು ಬಿಚ್ಚಿಕೊಂಡು ಹೋಗಬಹುದು ಅಂತ."

"ಆತಾ ಬಿಚ್ಚಿಕೊಂಡನಾ?"

"ಎರಡು ಸಲ ಹೋಗಿ ಬರೀ ನೋಡಿ ಬಂದ. ಮೂರನೇ ಸಲ ಬಿಚ್ಚಿಕೊಂಡು ಬಂದ. ಆ ದಿನವೇ ಕುರಿ ಹೊಡಕೊಂಡು ದೂರ ಹೊರಟುಬಿಟ್ವಿ. ಮರಳಿ ಬರೋ ಹೊತ್ತಿಗೆ ಮಾಣೆಕ್ ಬೆಳೆದಿದ್ದ. ಕಛ್‌ನದು ಅಂದ. ನನ್ನ ಹತ್ರ ಮಾತಾಜಿ ಮೇಲೆ ಆಣೆ ಹಾಕಿಸ್ಕೊಂಡ, ಸಗ್ರಾಮ್ ಹತ್ರಾನೂ."

"ನನಗ್ಯಾಕೆ ಹೇಳ್ಲಿಲ್ಲ ಅವರು? ನನ್ನ ಗಂಡ, ನನ್ನಪ್ಪ, ನನ್ನ ಕತ್ತೆ!"

"ನಿನ್ನ ಬಾಯಲ್ಲಿ ಎಳ್ಳು ನೆನೆಯಲ್ಲ ಅಂದಿದ್ದ ಸಗ್ರಾಮ್."

ಸತ್ತ ಗಂಡನ ಮೇಲೆ ಕೋಪ ಬರಬಾರದಂತೆ. ನನಗೆ ಬಂತು. ಅದರ ಹಿಂದೆಯೇ ಅಳುವೂ ಬಂತು. ಅಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ ಈ ಮನುಷ್ಯ ಇಂಥ ಒಳ್ಳೆಯ ಕೆಲಸವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸತ್ತ. ಮಾವನ ಮಾನ ಉಳಿಸಿದ. ನಾನು ವಡಾಳಕ್ಕೆ ಹೋದಾಗಲೆಲ್ಲ ಮಾಣೆಕ್‌ನ ಕತ್ತು ತುರಿಸಿದ್ದೇನೆ, ನನ್ನ ಧೋಳಿಯ ಮಗನೆಂದು ಗೊತ್ತಾಗಲಿಲ್ಲವಲ್ಲ.

"ಅವರು ಸತ್ತರು, ಬಿಡು" ಎಂದೆ. "ನೀನು? ಹಂಸ್ಲಿನ ಕರಕೊಂಡು ಬಂದಾಗ ನಿನ್ನ ಬಾಯಲ್ಲಿ ಏನಿತ್ತೋ? ಅವಳು ಮಾಣೆಕ್‌ನ ತಂಗಿಯ ಮಗಳು. ಗೊತ್ತಿದ್ದೂ ಬಿಟ್ಟೆಯಲ್ಲೋ!"

"ಹೇಳಬೇಕು ಅಂತಲೇ ಇದ್ದೆ. ಊರ ಬಾಗಿಲಲ್ಲಿ ಆತಾನ ಕಲ್ಲಿದೆ, ಕಂಕು. ಮಗಳ ಮನೇದು ತಿಂದವನು ಅಂತ ಜನ ಅದಕ್ಕೆ ಉಗೀತಾರೆ. ಏನೋ, ಸರಿಹೋಗಬಹುದು ಅಂದ್ಕೊಂಡೆ." ಮತ್ತೆ ಅಂದ: "ಕತ್ತೆ ತಾನೆ ಅಂದ್ಕೊಂಡೆ."

ಕತ್ತೆ ತಾನೆ! ಅವನ ಮುಖಕ್ಕೆ ಹೊಡೆಯಬೇಕೆನಿಸಿತು. ಆದರೆ ಆಗ ಬೇರೆಯದೇ ನೆನಪಾಯಿತು.

"ಉಳಿದವು? ಡಾಕ್ಟರ್ ಕಳಿಸಿದ ಹೆಣ್ಣುಗಳು? ಅವೆಲ್ಲ ಭೂರಿಯೋನ ಮಕ್ಕಳು. ಧೋಳಿಗೂ ಭೂರಿಯೋನಿಂದಲೇ ಗಬ್ಬ ನಿಂತದ್ದು. ಹಾಗಾದ್ರೆ ಅವರಿಗೆಲ್ಲ ಮಾಣೆಕ್ ಅಣ್ಣ ಆದ."

ಅವನು ಗೋಣಿಯ ಅಂಚನ್ನು ಎಳೆದು ಸರಿಮಾಡಿದ.

"ಹೇಳಬೇಕು. ಎಲ್ಲರಿಗೂ. ಈ ಬೆದೆ ಮುಗಿಯೋದರ ಒಳಗೆ. ಇನ್ನೂ ಕರಕೊಂಡು ಬರ್ತಾನೇ ಇದಾರೆ."

ಅಣ್ಣ ತಲೆಯ ಪಾಗಡಿ ತೆಗೆದು ನನ್ನ ಕಾಲ ಬಳಿ ಇಟ್ಟ. ಹಿರಿಯಣ್ಣ, ನನ್ನನ್ನು ಹೆಗಲ ಮೇಲೆ ಹೊತ್ತವನು, ಬೋಳುತಲೆಯಲ್ಲಿ ಬಿಸಿಲಲ್ಲಿ ಕೂತ. ಅಲ್ಲಿ ನೆಲವೆಲ್ಲ ಹಂಸ್ಲಿಯ ಮಾಸು ಬಿದ್ದು ಒದ್ದೆಯಾಗಿತ್ತು.

"ಎತ್ತಿಕೋ, ಕೊಳೆಯಾಗುತ್ತೆ" ಎಂದೆ. ಹೇಳುವುದಿಲ್ಲ ಎಂದು ಮಾತ್ರ ಅನ್ನಲಿಲ್ಲ. ಅವನು ಸುಖಡಿಯ ಗಂಟನ್ನು ಬೇಲಿಯ ಮೇಲಿಟ್ಟು ಹೋದ.

ಬಿದಿಗೆಯ ದಿನ ಮಾತಾಜಿಯ ಗುಡಿಯ ಅಂಗಳದಲ್ಲಿ ಡಾಕ್ಟರು ಕತ್ತೆ ಸಾಕುವವರನ್ನೆಲ್ಲ ಸೇರಿಸಿದ್ದಳು. ಇದು ಮೊದಲೇ ಗೊತ್ತಾಗಿದ್ದ ದಿನ. ಶಾಮಿಯಾನ, ಚಹಾ, ಮಾಣೆಕ್‌ಗೆ ಹಾಕಲು ಗೊಂಡೆಹೂವಿನ ಹಾರ. ನನ್ನ ಮರಿ ಸತ್ತ ಸುದ್ದಿ ಫೋನಿನಲ್ಲೇ ಕೇಳಿದ್ದ ಅವಳು ನನ್ನನ್ನು ನೋಡಿದವಳೇ ಬಂದು ಕೈ ಹಿಡಿದಳು. "ಒಂದು ಸಲ ಹಾಗಾಗುತ್ತೆ ಕಂಕುಬಾ. ಉಳಿದವಾದರೂ ಉಳೀತಾವೆ" ಎಂದಳು. ಅಣ್ಣ ಮಾಣೆಕ್‌ನ ಹಗ್ಗ ಹಿಡಿದು ಕಂಬದ ಹತ್ತಿರ ನಿಂತಿದ್ದ. ಒಂದು ವಾರದಲ್ಲಿ ಹತ್ತು ವರ್ಷ ಕಳೆದವನ ಹಾಗಿದ್ದ. ಅವನೇ ಹೇಳಲಿ, ಅವನೇ ಹೇಳಲಿ ಎಂದು ಕಾದೆ. ಡಾಕ್ಟರು ಹಾರ ಎತ್ತಿಕೊಂಡಳು. ಅವನು ಬಾಯಿ ತೆರೆಯಲಿಲ್ಲ.

ನಾನು ಎದ್ದು ನಿಂತೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎಲ್ಲ ಹೇಳಿದೆ. ರೋಗ, ಬೇವಿನ ಮರ, ತೋಳ, ಕಛ್. "ನಿಮ್ಮ ಹೆಣ್ಣುಗಳನ್ನ ಇವನ ಹತ್ರ ಬಿಡಬೇಡಿ. ಇವನು ಹೊರಗಿನವನಲ್ಲ, ನಮ್ಮವನೇ" ಎಂದೆ. ನನ್ನ ತಂದೆಯ ಹೆಸರನ್ನು ನನ್ನ ಬಾಯಿಂದಲೇ ಮಣ್ಣುಪಾಲು ಮಾಡಿ ಕೂತೆ.

ಹಿರಿಯರಲ್ಲಿ ಭಾಯಾ ಎಂಬವನು ಚಹಾದ ಬಸಿ ಕೆಳಗಿಟ್ಟು ಕೇಳಿದ: "ಅಂದ್ರೆ, ಮೇಪಾ ಮಗಳ ಮನೇದು ಮುಟ್ಟಿದ್ದ?"

ಶುರುವಾಯಿತು. ಮುಟ್ಟಿದ ಹಾಗೆಯೇ ಎಂದರು ಕೆಲವರು. ಮರ ಗಡಿಯಾಚೆ ಇದೆ, ಅದು ಹೇಗೆ ಮಗಳ ಮನೆಯದಾಗುತ್ತದೆ ಎಂದರು ಕೆಲವರು. ಮರ ಆಚೆಯಿದ್ದರೂ ನೆರಳು ಈಚೆ ಬೀಳುತ್ತದೆ ಎಂದ ಒಬ್ಬ. ಬೆಳಗಿನ ನೆರಳೋ ಸಂಜೆಯ ನೆರಳೋ ಎಂದ ಇನ್ನೊಬ್ಬ. ಹಗ್ಗ ಯಾರದು, ಹಗ್ಗ ಸಗ್ರಾಮ್‌ನದೇ ಆಗಿದ್ದರೆ? ಬಿಕ್ಕಳಿಕೆಗೆ ನೀರು ಕುಡಿಯದವನು ಕತ್ತೆಯನ್ನೇ ನುಂಗಿದ ಎಂದು ಯಾರೋ ಅಂದರು, ಹಿಂದಿನ ಸಾಲು ಹೋ ಎಂದು ನಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಣ್ಣ ಮಾಣೆಕ್‌ನ ಕತ್ತಿಗೆ ಮುಖ ಒತ್ತಿ ನಿಂತಿದ್ದ.

"ಸ್ವಲ್ಪ ಕೇಳಿ, ದಯವಿಟ್ಟು ಕೇಳಿ" ಎಂದು ಡಾಕ್ಟರು ಕೂಗುತ್ತಿದ್ದಳು. "ಯಾರ್ಯಾರ ಕತ್ತೆ ಈಗ ಗಬ್ಬ ಇದೆ? ಕೈ ಎತ್ತಿ. ಒಬ್ಬೊಬ್ಬರಾಗಿ ಹೇಳಿ." ಒಂದು ಕೈಯೂ ಮೇಲೇಳಲಿಲ್ಲ. ಅವರಿಗೆ ನೆರಳಿನ ಲೆಕ್ಕವೇ ಮುಗಿದಿರಲಿಲ್ಲ. ಅವಳು ಹಾರ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತುಬಿಟ್ಟಳು. ಅವಳ ಮುಖಕ್ಕೆ ಉಗಿಯುತ್ತೇನೆ ಎಂದವಳು ನಾನು. ಈಗ ಆ ಮುಖ ನೋಡಲಾಗಲಿಲ್ಲ.

ಕೊನೆಗೆ ಹಿರಿಯರು ತೀರ್ಮಾನ ಹೇಳಿದರು. ಸತ್ತವನಿಗೆ ದಂಡ ಹಾಕಲಾಗದು. ಕಲ್ಲು ಇರಲಿ, ಕುಂಕುಮ ಮಾತ್ರ ಬೇಡ. ಮಗಳ ಮನೆಯದನ್ನು ಮಗಳ ಮನೆಗೆ ಮುಟ್ಟಿಸಬೇಕು. ಅಂದರೆ ಮಾಣೆಕ್ ನನಗೆ. ಎಲ್ಲರಿಗೂ ಸಮಾಧಾನವಾಯಿತು. ಚಹಾ ಮತ್ತೊಂದು ಸುತ್ತು ಬಂತು.

ಡಾಕ್ಟರು ಆ ದಿನವೇ ಮಾಣೆಕ್‌ನ ಕೂದಲು ಕಿತ್ತುಕೊಂಡು ಹೋದಳು, ಅಣ್ಣ ತಡೆಯಲಿಲ್ಲ. ಅವಳಿಗೆ ಬೇರೆ ಉತ್ತರ ಬಂದೀತು ಎಂಬ ಆಸೆ ಒಳಗೆಲ್ಲೋ ಇತ್ತು ನನಗೆ. ಬರಲಿಲ್ಲ. ಆ ಚಳಿಗಾಲದಲ್ಲಿ ದಂಡೆಯ ಊರುಗಳಿಂದ ಸುದ್ದಿ ಬರುತ್ತ ಹೋಯಿತು. ಒಂದು ಕಂದು ಹಾಕಿತು, ಒಂದು ಕುರುಡು ಹುಟ್ಟಿತು, ಒಂದು ಚೆನ್ನಾಗಿಯೇ ಇದ್ದು ಕೆಮ್ಮಿ ಕೆಮ್ಮಿ ಹೋಯಿತು. ಜನ ಬೇಸತ್ತು ಹೆಣ್ಣುಗಳನ್ನು ಬೂದು ಕತ್ತೆಗಳ ಜೊತೆ ಬಿಟ್ಟರು. ಹುಟ್ಟಿದವು ಬೂದು, ಗಿಡ್ಡ, ಗಟ್ಟಿ. ಬದುಕಿದವು. ಬದುಕಲಿ ಪಾಪ. ಆದರೆ ಅವು ನಮ್ಮವಲ್ಲ.

ಅಣ್ಣ ಮಾಣೆಕ್‌ನನ್ನು ತಂದವನು ಒಳಗೆ ಬರಲಿಲ್ಲ. ಗಡಿಯಲ್ಲಿ ಕಟ್ಟಿ, ಕುರಿ ಕಾಯುವವನ ಕೈಲಿ ಹೇಳಿಸಿ, ನಾನು ಓಡಿ ಹೋಗುವಷ್ಟರಲ್ಲಿ ಬೆನ್ನು ತಿರುಗಿಸಿ ನಡೆದಿದ್ದ. "ಭಾಯ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೇಳಿಸದಷ್ಟು ದೂರವೇನೂ ಹೋಗಿರಲಿಲ್ಲ. ಆಮೇಲೆ ರಾಖಿಗೂ ಅವನು ಬಾಗಿಲು ಹಾಕಿಕೊಂಡ. ಆಣೆ ಮುರಿದವನು ಅವನು, ಅದನ್ನು ಊರಿಗೆ ಸಾರಿದವಳು ನಾನು. ಅವನನ್ನು ತಪ್ಪು ಅನ್ನಲಾರೆ. ನನ್ನದು ತಪ್ಪು ಅಂತಲೂ ಅನ್ನಲಾರೆ.

"ಅತ್ತೆ, ಈ ಮಾಣೆಕ್‌ನ ಬೀಜ ಒಡೆಸಿಬಿಡಿ. ರಗಳೆ ತಪ್ಪುತ್ತೆ" ಎಂದಳು ಲಾಖು.

ಡಾಕ್ಟರಿಗೆ ಫೋನು ಮಾಡಿಸಿದೆ. "ಬೇಡ ಕಂಕುಬಾ, ಬೇಡ" ಎಂದಳು. "ಎಲ್ಲಾದರೂ ನಂಟಿಲ್ಲದ ಹೆಣ್ಣು ಸಿಕ್ಕಿದ್ರೆ ಇವನು ಬೇಕು. ಗಂಡು ಸಿಕ್ಕಿದ್ರೆ ಹಂಸ್ಲಿ ಬೇಕು. ಇಬ್ಬರನ್ನೂ ಉಳಿಸಿಕೊಳ್ಳಿ. ಆದರೆ ಇಬ್ಬರನ್ನೂ ಸೇರಿಸಬೇಡಿ."

"ಸಿಗ್ತಾವಾ?"

"ಹುಡುಕ್ತಿದೀನಿ" ಎಂದಳು. ಒಮ್ಮೆ ಪೋರಬಂದರದ ಕಡೆ ಒಂದು ಗಂಡಿದೆ ಎಂದು ಕುಣಿದುಕೊಂಡು ಹೋದಳು. ಹೋಗಿ ನೋಡಿದರೆ ಬೀಜ ಒಡೆಸಿ ವರ್ಷವಾಗಿತ್ತಂತೆ.

ಹೀಗೆ ನನ್ನ ಅಂಗಳದಲ್ಲಿ ಈಗ ಎರಡು ಬಿಳಿ ಕತ್ತೆಗಳಿವೆ. ನಡುವೆ ನಾಗ್ಜಿಗೆ ಹೇಳಿ ಎತ್ತಿಸಿದ ಮಣ್ಣಿನ ಗೋಡೆ. ದಾರಿಹೋಕರು ನಿಂತು ನೋಡಿ ಎಂಥ ಚಂದದ ಜೋಡಿ ಎನ್ನುತ್ತಾರೆ.

ಮೊನ್ನೆ ಹಂಸ್ಲಿ ಬೆದೆಗೆ ಬಂದಳು. ಬೆಳಗಿನಿಂದ ಅರಚಿದಳು. ಇವನು ಗೋಡೆಯ ಈಚೆಯಿಂದ ಉತ್ತರ ಕೊಟ್ಟ, ಗೊರಸಿನಿಂದ ಮಣ್ಣು ಕೆದರಿದ, ಹಗ್ಗ ಹರಿದ. ಗೋಡೆಯ ಮೇಲೆ ಮುಂಗಾಲಿಟ್ಟು ಹಾರಲು ನೋಡಿದಾಗ ನಾನು ಕೋಲು ಬೀಸಿದೆ. ಮೂತಿಗೆ ಬಿತ್ತು. ಧೋಳಿಯ ಮಗನಿಗೆ, ನನ್ನ ಕೈಯಿಂದ. ಬಿಳಿ ಎದೆಯ ಮೇಲೆ ರಕ್ತ ಇಳಿಯಿತು. ಅವನಿಗೆ ಸಿಟ್ಟಾದರೂ ಬರಬಾರದೆ? ಕೆಳಗಿಳಿದು ಬಂದು ನನ್ನ ಪಕ್ಕೆಗೆ ತಲೆ ಒತ್ತಿ ನಿಂತ. ಸೆರಗಿನಿಂದ ಒರೆಸಿದೆ, ನಿಲ್ಲಲಿಲ್ಲ, ಒರೆಸುತ್ತ ಕೂತೆ. ಧೋಳಿಯ ಬಳ್ಳಿಯಲ್ಲಿ ನೀವು ಇಬ್ಬರೇ ಉಳಿದಿದ್ದೀರಿ ಮಗಾ, ನಾನೇ ತಡೆಯಬೇಕು ಎಂದು ಅವನಿಗೆ ಹೇಗೆ ಹೇಳಲಿ? ಆಚೆಯಿಂದ ಅವಳು ಮತ್ತೆ ಕರೆದಳು, ಅವನ ಕಿವಿ ಅತ್ತ ತಿರುಗಿತು.

"ಲಾಖು, ಹಂಸ್ಲಿನ ಒಳಗೆ ಕಟ್ಟಿ ಬಾಗಿಲು ಹಾಕು" ಎಂದೆ.